ಕೋಡಿಬೆಂಗ್ರೆಯ ಮರಳುದಂಡೆ

ನಮ್ಮ ಅರಕೆರೆಯ ಸೀಮೆಯಲ್ಲಿ ‘ಕೋಡಿ’ಯೆಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಎಡೆ. ಕರಾವಳಿಯಲ್ಲಿ ಅದೇ ಶಬ್ದವು ನೆಲದ ತುದಿಯನ್ನು ಸೂಚಿಸುತ್ತದೆ. ಕಡಲಿಗೂ ಹೊಳೆಗೂ ನಡುವಣ ಮರಳುದಿಣ್ಣೆಯೇ ‘ಬೆಂಗ್ರೆ’. ಈ ಎರಡು ಮಾತುಗಳು ಕೂಡಿ ಹೆಸರಾದ ಊರು ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ.

ಮಲ್ಪೆಯಿಂದ ಉತ್ತರಕ್ಕೆ ಹೂಡೆಯನ್ನು ದಾಟಿ ಸಾಗಿದಂತೆ ನೆಲವು ಕಿರಿದಾಗುತ್ತದೆ. ಎಡಕ್ಕೆ ಭೋರ್ಗರೆವ ಅರಬ್ಬೀ ಸಮುದ್ರ, ಬಲಕ್ಕೆ ನಿಶ್ಚಲವಾದ ಹಿನ್ನೀರು. ನಡುವೆ ತೆಂಗಿನ ಸಾಲು, ಮೀನುಗಾರರ ಮನೆಗಳು. ತುದಿಯಲ್ಲಿ ಸೀತಾ, ಸುವರ್ಣಾ ನದಿಗಳು ಒಂದಾಗಿ ಕಡಲನ್ನು ಸೇರುವ ಅಳಿವೆ. ಆಚೆಯ ದಡದಲ್ಲಿ ಹಂಗಾರಕಟ್ಟೆ. ಜನಸಂದಣಿಯಿಲ್ಲದ ಆ ತೀರದಲ್ಲಿ ಎರಡು ನೀರುಗಳ ಸ್ವಭಾವವನ್ನು ಒಂದೇ ನೋಟದಲ್ಲಿ ಕಾಣಬಹುದು.

ಈ ದಂಡೆ ಹುಟ್ಟಿದ ಬಗೆ ವಿಚಾರಾರ್ಹವಾದುದು. ಘಟ್ಟದ ನದಿಗಳು ಮಳೆಗಾಲದಲ್ಲಿ ಮರಳನ್ನು ತಂದು ಕಡಲಿಗೆ ಒಪ್ಪಿಸುತ್ತವೆ. ಓರೆಯಾಗಿ ಬಡಿಯುವ ಅಲೆಗಳು ಅದನ್ನು ತೀರದುದ್ದಕ್ಕೂ ಸಾಗಿಸಿ ಒಟ್ಟುತ್ತವೆ. ಆಷಾಢದ ತೆರೆಗಳು ಕೊಚ್ಚಿ ಒಯ್ದುದರ ಬಹುಭಾಗವನ್ನು ಮಾಗಿಯ ಶಾಂತ ತೆರೆಗಳು ಹಿಂದಿರುಗಿಸುತ್ತವೆ. ಈ ಕೊಡುಕೊಳೆಯಿಂದಲೇ ದಂಡೆಯ ಬಾಳು. ಹೊಳೆಯ ಮರಳನ್ನು ಮಿತಿಮೀರಿ ಎತ್ತಿದರೆ ಅದರ ಆಹಾರವೇ ತಪ್ಪುತ್ತದೆ. ದಂಡೆ ಸವೆದರೆ ಹಿನ್ನೀರಿನ ಊರುಗಳಿಗೂ ಗದ್ದೆಗಳಿಗೂ ಆಸರೆಯಿಲ್ಲ.

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು ಎರಡು ಸಂಗತಿಗಳನ್ನು ಮರೆಯಬಾರದು. ಇಳಿತದ ಹೊತ್ತಿನಲ್ಲಿ ಅಳಿವೆಯ ಸೆಳೆತ ಬಲು ಬಿರುಸು. ಅಲ್ಲಿ ನೀರಿಗಿಳಿಯುವುದು ತರವಲ್ಲ. ಮರಳನ್ನು ಹಿಡಿದಿಟ್ಟಿರುವ ಬಳ್ಳಿಗಳನ್ನು ಕೀಳಲಾಗದು. ಕೆರೆಯ ಏರಿಯನ್ನು ಕಾಪಾಡಿಕೊಂಡು ಬಂದ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೋಡಿಬೆಂಗ್ರೆಯು ಕಡಲಿನ ಏರಿ.