ಸವಳು ನೀರಿಗೆ ಬೈದರೆ ಸಾಲದು: ಇಪ್ಪತ್ತೆರಡಕ್ಕೇ ತಲೆ ಬೋಳಾಗೋದು ಯಾಕೆ?

ಮರೋಳ: ಭಾನುವಾರ ಬೆಳಿಗ್ಗೆ ಈ ಭಾಗದ ಯಾವ ಕಟಿಂಗ್ ಅಂಗಡಿಗೆ ಹೋದರೂ ಪಾಳಿ ಹಚ್ಚಿ ಕುಂತ ಹುಡುಗರು ಇರ್ತಾರೆ. ಕಟಿಂಗ್ ಮುಗಿದ ಮೇಲೆ ಅಂಗಡಿಯವನು ಹಿಂದೆ ಸಣ್ಣ ಕನ್ನಡಿ ಹಿಡಿದು ನೆತ್ತಿ ತೋರಿಸ್ತಾನೆ. ಅಲ್ಲಿಂದ ಶುರುವಾಗುತ್ತೆ ಮಾತು. "ಬೋರಿನ ನೀರಿಂದನ ಆಗಾಕತ್ತೈತಿ" ಅಂತ ಒಬ್ಬ. "ಹೆಲ್ಮೆಟ್ ಹಾಕ್ಕೊಂಡು ಇಳಕಲ್ಲಿಗೆ ಓಡಾಡ್ತಿ, ಅದಕ್ಕ" ಅಂತ ಇನ್ನೊಬ್ಬ. ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುವವನಿದ್ದರೆ ಧೂಳಿನ ಮೇಲೆ ತಪ್ಪು. ಮೊಬೈಲ್, ಟೆನ್ಷನ್, ಶಾಂಪೂ, ಗೊಬ್ಬರದ ಕಾಯಿಪಲ್ಲೆ ಎಲ್ಲಕ್ಕೂ ಒಂದೊಂದು ಪಾಲು ಬೀಳುತ್ತೆ.

ಮೇಲ್ನೋಟಕ್ಕೆ ಇದು ನಗುವ ವಿಷಯ. ಹೆಣ್ಣು ನೋಡಲು ಹೊರಟ ಮನೆಯಲ್ಲಿ ಮಾತ್ರ ನಗು ಇರೋದಿಲ್ಲ. ಟೋಪಿ ಹಾಕಿದ ಫೋಟೋ ಕಳಿಸೋದು, ಎರಡು ವರ್ಷ ಹಿಂದಿನ ಫೋಟೋ ಕಳಿಸೋದು ಎಲ್ಲ ಊರಲ್ಲೂ ನಡೆದೇ ಇದೆ. 2017ರಲ್ಲಿ ರಾಜ್ ಬಿ. ಶೆಟ್ಟಿ ಮಾಡಿದ 'ಒಂದು ಮೊಟ್ಟೆಯ ಕಥೆ' ಸಿನಿಮಾದ ಕನ್ನಡ ಉಪನ್ಯಾಸಕ ಜನಾರ್ದನನ ಪಾಡೂ ಇದೇ. ಇದರ ಜೊತೆಗೆ ದುಡ್ಡಿನ ಲೆಕ್ಕವೂ ಇದೆ. ಎಣ್ಣೆ, ಗುಳಿಗೆ, ಸೀರಮ್ ಅಂತ ವರ್ಷಾನುಗಟ್ಟಲೆ ಸುರಿಯುವ ಹುಡುಗರಲ್ಲಿ ಬಹಳ ಮಂದಿ ತಮ್ಮ ಕೂದಲು ಯಾಕೆ ಹೋಗ್ತಿದೆ ಅಂತ ಒಮ್ಮೆಯೂ ತೋರಿಸಿಕೊಂಡಿರೋದಿಲ್ಲ. ಕಾರಣ ಗೊತ್ತಿಲ್ಲದ ಮೇಲೆ ಔಷಧ ಯಾವುದಕ್ಕೆ?

ಬುಲ್ಡಾಣಾದಲ್ಲಿ ಆಗಿದ್ದೇನು

ನೀರಿನ ಮೇಲೆ ಅನುಮಾನ ಪಡೋದು ಪೂರಾ ತಪ್ಪೂ ಅಲ್ಲ. ಪಕ್ಕದ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆ ಶೇಗಾಂವ್ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ 2024ರ ಡಿಸೆಂಬರ್ ಕೊನೆ, 2025ರ ಜನವರಿಯಲ್ಲಿ ಜನರ ತಲೆಗೂದಲು ಏಕಾಏಕಿ ಉದುರಿತು. ಮೊದಲು ತಲೆ ತುರಿಕೆ, ಆಮೇಲೆ ಕೈಯಲ್ಲಿ ಹಿಡಿದು ಎಳೆದರೆ ಕೂದಲು ಹಿಡಿ ಹಿಡಿಯಾಗಿ ಬರೋದು, ಮೂರ್ನಾಲ್ಕು ದಿನದಲ್ಲಿ ತಲೆ ಬೋಳು. ಅಲ್ಲೂ ಮೊದಲು ಬೈಗುಳ ತಿಂದಿದ್ದು ನೀರೇ. ಬಾವಿ, ಬೋರ್ ನೀರಿನ ಮಾದರಿ ತೆಗೆದರು, ಶಾಂಪೂ ಕೇಳಿದರು, ತಲೆಯ ಚರ್ಮದ ಮಾದರಿ ತೆಗೆದರು. ಐಸಿಎಂಆರ್ ತಂಡವೂ ಬಂತು.

ಫೆಬ್ರುವರಿಯಲ್ಲಿ ಮಹಾಡದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಬೇರೆಯದೇ ಹೇಳಿದರು. ಚೇಳು ಕಡಿತದ ಚಿಕಿತ್ಸೆಯಿಂದ ಹೆಸರಾದ, ಪದ್ಮಶ್ರೀ ಪಡೆದ ವೈದ್ಯರು ಇವರು. ಅವರ ಪ್ರಕಾರ ರೇಷನ್ ಅಂಗಡಿಯಿಂದ ಬಂದ ಗೋಧಿಯಲ್ಲಿ ಸೆಲೆನಿಯಂ ಎಂಬ ಧಾತು ಸ್ಥಳೀಯ ಗೋಧಿಗಿಂತ ನೂರಾರು ಪಟ್ಟು ಹೆಚ್ಚಿತ್ತು. ತೊಂದರೆಯಾದವರ ರಕ್ತ, ಮೂತ್ರ, ಕೂದಲಿನಲ್ಲೂ ಅದು ಹಲವು ಪಟ್ಟು ಏರಿತ್ತು, ಸತು ಮಾತ್ರ ಇಳಿದಿತ್ತು. ಸೆಲೆನಿಯಂ ದೇಹಕ್ಕೆ ಬೇಕು, ಆದರೆ ಚಿಟಿಕೆಗಿಂತಲೂ ಬಹಳ ಕಡಿಮೆ. ಅತಿಯಾದರೆ ಕೂದಲು, ಉಗುರು ಎರಡೂ ಬಿದ್ದು ಹೋಗುತ್ತವೆ. ನೀರು ನೀರು ಅಂತ ಬೈಯುತ್ತಿದ್ದವರಿಗೆ ತಟ್ಟೆಯಲ್ಲಿದ್ದ ರೊಟ್ಟಿಯ ಮೇಲೆ ಕಣ್ಣು ಹೋಗಿದ್ದು ಆಗ.

ಬುಲ್ಡಾಣಾದ ಸಂಗತಿಯಲ್ಲಿ ಮರೋಳದ ಹುಡುಗರು ಗಮನಿಸಬೇಕಾದ್ದು ಒಂದಿದೆ. ಅಲ್ಲಿ ಉದುರಿದ್ದು ಬರೀ ಹುಡುಗರ ಕೂದಲಲ್ಲ. ಹೆಂಗಸರು, ಮಕ್ಕಳು, ಮುದುಕರು, ಒಂದೇ ಮನೆಯ ಹಲವರು. ಊಟದಲ್ಲೋ ನೀರಿನಲ್ಲೋ ವಿಷವಿದ್ದರೆ ಹಾಗೇ ಆಗೋದು. ಇಲ್ಲಿ ನಿಮ್ಮ ಮನೆ ನೋಡ್ರಿ. ಅದೇ ನಲ್ಲಿಯ ನೀರಲ್ಲೇ ತಲೆ ತೊಳೆಯುವ ತಂಗಿಯ ಜಡೆ ಸೊಂಟ ಮುಟ್ಟಿದೆ, ಅವ್ವನ ತುರುಬು ಹಂಗೇ ಇದೆ, ನಿಮ್ಮದೊಬ್ಬರದೇ ಹಣೆ ಮೇಲಕ್ಕೆ ಹೋಗ್ತಿದೆ ಅಂದರೆ ನೀರನ್ನು ಬಿಟ್ಟು ಬೇರೆ ಕಡೆ ಹುಡುಕಬೇಕು.

ಬೇರಿನ ಒಳಗೆ ನಡೆಯೋದು

ಹುಡುಗರ ಕೂದಲು ಚಿಕ್ಕ ವಯಸ್ಸಿಗೇ ಹೋಗೋದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ವಂಶದಿಂದ ಬಂದ ಗುಣ ಮತ್ತು ಗಂಡಸಿನ ಹಾರ್ಮೋನು, ಎರಡೂ ಸೇರಿದ್ದು. ವೈದ್ಯರು ಇದಕ್ಕೆ ಆಂಡ್ರೊಜೆನೆಟಿಕ್ ಅಲೊಪೇಶಿಯಾ ಅಂತಾರೆ. ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ತಲೆಯ ಚರ್ಮದಲ್ಲಿ ಒಂದು ಕಿಣ್ವದ ಕೈಯಲ್ಲಿ ಸಿಕ್ಕು ಡಿಎಚ್‌ಟಿ ಆಗಿ ಬದಲಾಗುತ್ತೆ. ಕೆಲವರ ಹಣೆಯ ಎರಡು ಮೂಲೆ ಮತ್ತು ನೆತ್ತಿಯ ಬೇರುಗಳಿಗೆ ಈ ಡಿಎಚ್‌ಟಿ ಆಗಿಬರೋದಿಲ್ಲ. ಬೇರು ವರ್ಷದಿಂದ ವರ್ಷಕ್ಕೆ ಕುಗ್ಗುತ್ತೆ. ಮೊದಲು ದಪ್ಪ ಕೂದಲು ಕೊಡುತ್ತಿದ್ದ ಬೇರು ಆಮೇಲೆ ಎಳೆ ನೂಲಿನಂಥದ್ದು, ಕೊನೆಗೆ ಮಗುವಿನ ಕೆನ್ನೆಯ ನವಿರಿನಂಥದ್ದು ಕೊಡುತ್ತೆ. ಕೂದಲು ಉದುರಿತು ಅನ್ನೋದಕ್ಕಿಂತ ಸಣ್ಣದಾಗುತ್ತಾ ಮಾಯವಾಯಿತು ಅನ್ನೋದೇ ಸರಿ. ಕಿವಿಯ ಮೇಲಿನ, ಹಿಂದಲೆಯ ಬೇರುಗಳಿಗೆ ಡಿಎಚ್‌ಟಿಯಿಂದ ಅಷ್ಟು ತೊಂದರೆ ಇಲ್ಲ. ಅದಕ್ಕೇ ಬಕ್ಕತಲೆಯವರಿಗೂ ಸುತ್ತ ಅಂಚು ಉಳಿಯೋದು.

ಇದು ಗೊತ್ತಾಗಿದ್ದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಅವರಿಂದ. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ತಲೆ ಬೋಳಾಗೋದಿಲ್ಲ, ಅಂಥವರಿಗೆ ಹಾರ್ಮೋನು ಕೊಟ್ಟರೆ ವಂಶದಲ್ಲಿ ಬೋಳು ಇದ್ದವರಿಗೆ ಮಾತ್ರ ಬೋಳಾಗುತ್ತದೆ ಎಂದು 1942ರಲ್ಲಿ ಅವರು ಬರೆದರು. ಹಾರ್ಮೋನು ಒಂದೇ ಸಾಲದು, ವಂಶವೂ ಬೇಕು ಅಂತ ಅಲ್ಲಿಗೆ ಸ್ಪಷ್ಟವಾಯಿತು. "ಗಂಡಸ್ತನ ಜಾಸ್ತಿ ಇದ್ದವರಿಗೆ ಕೂದಲು ಹೋಗುತ್ತೆ" ಅನ್ನೋ ಅಂಗಡಿ ಕಟ್ಟೆಯ ಸಮಾಧಾನವೂ ಸರಿಯಲ್ಲ. ಬೋಳಾದವರಲ್ಲಿ ಹಾರ್ಮೋನು ಸಾಮಾನ್ಯವಾಗಿ ಎಲ್ಲರಷ್ಟೇ ಇರುತ್ತೆ, ಬೇರಿಗೆ ತಡೆದುಕೊಳ್ಳೋ ಶಕ್ತಿ ಕಡಿಮೆ ಅಷ್ಟೇ.

ವಂಶ ಅಂದರೆ ಯಾರ ಕಡೆಯದು? "ಸೋದರಮಾವನ ತಲೆ ನೋಡಿದರೆ ಗೊತ್ತಾಗುತ್ತೆ" ಅಂತ ಹಿರಿಯರು ಹೇಳ್ತಾರೆ. ಅರ್ಧ ನಿಜ. ಇದರಲ್ಲಿ ದೊಡ್ಡ ಪಾತ್ರ ಇರುವ ಒಂದು ಜೀನ್ ಗಂಡುಮಕ್ಕಳಿಗೆ ತಾಯಿಯಿಂದಲೇ ಬರುತ್ತೆ. ಆದರೆ 2017ರಲ್ಲಿ ಬ್ರಿಟನ್ನಿನ 52 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಅಧ್ಯಯನದಲ್ಲಿ ಬೋಳುತಲೆಗೆ ನಂಟಿರುವ 287 ಜೀನ್ ತಾಣಗಳು ಸಿಕ್ಕವು. ಅವುಗಳಲ್ಲಿ ಬಹಳಷ್ಟು ಅಪ್ಪನ ಕಡೆಯಿಂದಲೂ ಬರಬಹುದು. ಸೋದರಮಾವನೊಬ್ಬನ ಮೇಲೆ ತಪ್ಪು ಹೊರಿಸೋ ಹಾಗಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕಟಿಂಗ್ ಅಂಗಡಿಯಲ್ಲಿ ಹೇಳೋದಿಲ್ಲ. ಬಹಳ ಬೇಗ ನೆತ್ತಿ ಬೋಳಾದವರಲ್ಲಿ ಬೊಜ್ಜು, ಸಕ್ಕರೆ, ಹೃದಯದ ತೊಂದರೆ ಸ್ವಲ್ಪ ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಹೆದರೋ ಅಂಥದ್ದಲ್ಲ. ಆದರೂ 25ಕ್ಕೇ ತಲೆ ಖಾಲಿಯಾಗಿದ್ದರೆ ವರ್ಷಕ್ಕೊಮ್ಮೆ ಬಿಪಿ, ಶುಗರ್ ನೋಡಿಸಿಕೊಂಡರೆ ನಷ್ಟವೇನಿಲ್ಲ. ಜಿಮ್ಮಿನಲ್ಲಿ ಮೈಕಟ್ಟಿಗೆ ಅಂತ ಸ್ಟಿರಾಯ್ಡ್ ಇಂಜೆಕ್ಷನ್ ತಗೊಳ್ಳೋ ಹುಡುಗರಿಗೆ ವಂಶದ ಗುಣವಿದ್ದರೆ ಕೂದಲು ಇನ್ನೂ ಬೇಗ ಹೋಗುತ್ತೆ.

ಜ್ವರ ಬಂದಿತ್ತಾ? ಮೂರು ತಿಂಗಳು ಹಿಂದಕ್ಕೆ ಎಣಿಸಿ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತೆ. ದಿನಕ್ಕೆ 50ರಿಂದ 100 ಹೋಗೋದು ಎಲ್ಲರಿಗೂ ಇದ್ದದ್ದೇ. ಹತ್ತರಲ್ಲಿ ಒಂಬತ್ತು ಕೂದಲು ಬೆಳೆಯೋ ಹಂತದಲ್ಲಿ, ಒಂದು ವಿಶ್ರಾಂತಿಯಲ್ಲಿ ಇರುತ್ತೆ. ಟೈಫಾಯ್ಡ್, ಡೆಂಗಿ, ಚಿಕುನ್‌ಗುನ್ಯಾ, ಕೋವಿಡ್, ದೊಡ್ಡ ಆಪರೇಷನ್ನು, ಊಟ ಬಿಟ್ಟು ತೂಕ ಇಳಿಸೋದು, ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತೆ. ಉದುರೋದು ಮಾತ್ರ ಎರಡು ಮೂರು ತಿಂಗಳ ಮೇಲೆ. ಆ ಹೊತ್ತಿಗೆ ಜ್ವರ ಮರೆತಿರುತ್ತೇವೆ. ಆ ವಾರ ಬದಲಾಯಿಸಿದ ಶಾಂಪೂ ಕೈಗೆ ಸಿಗುತ್ತೆ, ಅದಕ್ಕೆ ಬೈತೇವೆ.

ಇದನ್ನು ಗುರುತು ಹಿಡಿಯೋದು ಸುಲಭ. ಹಣೆ, ನೆತ್ತಿ ಅಂತಿಲ್ಲದೆ ಇಡೀ ತಲೆ ತೆಳ್ಳಗಾಗುತ್ತೆ. ಬಾಚಣಿಕೆ, ದಿಂಬು, ಬಚ್ಚಲು ಎಲ್ಲೆಡೆ ಕೂದಲು. ಬೇರು ಸತ್ತಿರೋದಿಲ್ಲ, ಹಾಗಾಗಿ ಬಹುತೇಕ ಆರು ತಿಂಗಳಲ್ಲಿ ತಾನೇ ನಿಲ್ಲುತ್ತೆ, ಆಮೇಲೆ ಮತ್ತೆ ತುಂಬುತ್ತೆ. ಈ ಅವಧಿಯಲ್ಲಿ ಹಚ್ಚಿದ ಎಣ್ಣೆಗೆ ಪುಕ್ಕಟೆ ಹೆಸರು ಬರೋದು ಹೀಗೇ. ಎಣ್ಣೆ ಹಚ್ಚದಿದ್ದರೂ ಕೂದಲು ಬರ್ತಿತ್ತು. ನಿಲ್ಲದೇ ಹೋದರೆ ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸ್ತಾರೆ. ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋಗಿ ಚಾ, ಬನ್ನಿನ ಮೇಲೆ ದಿನ ತಳ್ಳುವ ಹುಡುಗರಲ್ಲಿ ಇದನ್ನು ಮರೆಯಬಾರದು.

ಇದ್ದಕ್ಕಿದ್ದಂತೆ ರೂಪಾಯಿ ಬಿಲ್ಲೆಯಷ್ಟು ಗುಂಡಗೆ, ನುಣ್ಣಗೆ ಬೋಳಾದರೆ ಅದು ಬೇರೆ ರೋಗ. ಊರಲ್ಲಿ "ಹುಳ ತಿಂದೈತಿ" ಅಂತಾರೆ, ಬೆಳ್ಳುಳ್ಳಿ ತಿಕ್ಕತಾರೆ. ಹುಳ ಯಾವುದೂ ಇಲ್ಲ. ದೇಹದ ರಕ್ಷಣಾ ಪಡೆಯೇ ತಪ್ಪಿ ಬೇರಿನ ಮೇಲೆ ಬೀಳೋದು. ಬೆಳ್ಳುಳ್ಳಿ ಗಟ್ಟಿಯಾಗಿ ತಿಕ್ಕಿ ಚರ್ಮ ಸುಟ್ಟುಕೊಂಡವರೂ ಇದ್ದಾರೆ. ಅದೇ ಜಾಗದಲ್ಲಿ ಹೊಟ್ಟು, ತುರಿಕೆ, ಕೀವು, ತುಂಡಾದ ಕೂದಲು ಇದ್ದರೆ ಶಿಲೀಂಧ್ರದ ಸೋಂಕು ಇರಬಹುದು, ಮಕ್ಕಳಲ್ಲಿ ಇದು ಹೆಚ್ಚು. ಇದಕ್ಕೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಸ್ಟಿರಾಯ್ಡ್ ಕಲಸಿದ ಟ್ಯೂಬ್ ಹಚ್ಚಿದರೆ ಒಂದು ವಾರ ಕಡಿಮೆಯಾದಂತೆ ಕಂಡು ಆಮೇಲೆ ಹರಡುತ್ತೆ.

ಹಾಗಾದರೆ ಸವಳು ನೀರು?

ಹುನಗುಂದ, ಇಳಕಲ್ ಭಾಗದಲ್ಲಿ ಬೋರ್ ನೀರು ಗಡಸು ಅನ್ನೋದು ಸುಳ್ಳಲ್ಲ. ಬಕೆಟ್ಟಿಗೆ ಬಿಳಿ ಪದರು ಕಟ್ಟುತ್ತೆ, ಸೋಪು ನೊರೆ ಬರೋದಿಲ್ಲ. ಕೊಯಮತ್ತೂರಿನ ವೈದ್ಯರು ಗಡಸು ನೀರಲ್ಲಿ ನೆನೆಸಿದ ಕೂದಲನ್ನು ಎಳೆದು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಲ ಹೇಳಿಕೊಳ್ಳುವಷ್ಟು ಕುಂದಿರಲಿಲ್ಲ. ಪಾಕಿಸ್ತಾನದಲ್ಲಿ ಗಂಡಸರ ಕೂದಲಿನ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಬಲ ಕಡಿಮೆಯಾಗಿತ್ತು. ಎರಡೂ ನೋಡಿದ್ದು ಕೂದಲಿನ ಎಳೆಯನ್ನು, ಬೇರನ್ನಲ್ಲ. ಗಡಸು ನೀರಿಗೆ ಕೂದಲು ಒರಟಾಗಬಹುದು, ನಡುವೆ ತುಂಡಾಗಬಹುದು. ಹಣೆಯ ಮೂಲೆ ಹಿಂದಕ್ಕೆ ಹೋಗೋದು ಅದರಿಂದಲ್ಲ. ಬಿದ್ದ ಕೂದಲಿನ ತುದಿ ನೋಡಿ: ಒಂದು ಕಡೆ ಬಿಳಿ ಗುಂಡಿ ಇದ್ದರೆ ಬೇರಿನಿಂದ ಬಂದಿದೆ, ಇಲ್ಲದಿದ್ದರೆ ನಡುವೆ ಮುರಿದಿದೆ.

ಈ ಭಾಗದ ಕೆಲವು ಬೋರುಗಳಲ್ಲಿ ಫ್ಲೋರೈಡ್ ಹೆಚ್ಚಿರೋದು ನಿಜವಾದ ತಲೆನೋವು. ಅದು ಹಲ್ಲು, ಎಲುಬಿಗೆ ಪೆಟ್ಟು ಕೊಡುತ್ತೆ. ಆ ನೀರು ಕುಡಿಯಬಾರದು, ಕೂದಲು ಇರಲಿ ಬಿಡಲಿ. ಗ್ರಾನೈಟ್ ಧೂಳೂ ಹಾಗೇ: ಅದು ಕೂರೋದು ಶ್ವಾಸಕೋಶದಲ್ಲಿ, ಕೂದಲಿನ ಬೇರಲ್ಲಿ ಅಲ್ಲ. ಹೆಲ್ಮೆಟ್ಟಿನಿಂದ ಬೋಳಾಗೋದಿಲ್ಲ. ಕೂದಲು ಉಳಿಸಲು ಹೆಲ್ಮೆಟ್ ತೆಗೆದಿಟ್ಟು ಹೈವೇ ಹತ್ತುವವರು ಲೆಕ್ಕ ಸರಿಯಾಗಿ ಹಾಕಿಲ್ಲ.

ಎಣ್ಣೆ, ಗುಳಿಗೆ, ನಾಟಿ

ಹುಣಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರ 'ಆದಿವಾಸಿ' ಎಣ್ಣೆ ಈಗ ಜಾತ್ರೆ, ಸಂತೆ, ಮೊಬೈಲ್ ಎಲ್ಲೆಡೆ ಇದೆ. ಎಣ್ಣೆಯಿಂದ ಕೂದಲು ನುಣುಪಾಗುತ್ತೆ, ತುಂಡಾಗೋದು ಕಡಿಮೆಯಾಗುತ್ತೆ. ಕುಗ್ಗಿದ ಬೇರನ್ನು ಮತ್ತೆ ಹಿಗ್ಗಿಸೋದು ಬೇರೆ ಕೆಲಸ. ಏನು ಕಲಸಿದ್ದಾರೆ ಅಂತ ಗೊತ್ತಿಲ್ಲದ್ದನ್ನು ಹಚ್ಚಿದರೆ ಏನಾಗುತ್ತೆ ಅನ್ನೋದು ಪಂಜಾಬಿನ ಸಂಗ್ರೂರಿನಲ್ಲಿ 2025ರ ಮಾರ್ಚ್‌ನಲ್ಲಿ ಕಂಡಿತು. ಬೋಳುತಲೆಗೆ ಅಂತ ನಡೆಸಿದ ಶಿಬಿರದಲ್ಲಿ ಎಣ್ಣೆ ಹಚ್ಚಿಸಿಕೊಂಡು ತಲೆ ತೊಳೆದ 60ಕ್ಕೂ ಹೆಚ್ಚು ಜನ ಕಣ್ಣುರಿ, ಊತ ಅಂತ ಆಸ್ಪತ್ರೆಗೆ ಬಂದರು.

ವಂಶದ ಬೋಳಿಗೆ ಪರೀಕ್ಷೆಯಲ್ಲಿ ಗೆದ್ದ ಔಷಧ ಮುಖ್ಯವಾಗಿ ಎರಡು. ಬಿಪಿಗೆ ಅಂತ ಬಂದು ರೋಗಿಗಳ ಮೈಮೇಲೆ ಕೂದಲು ಬೆಳೆಸಿ ಹೆಸರಾದ ಮಿನಾಕ್ಸಿಡಿಲ್ ಹಚ್ಚುವಂಥದ್ದು. ದಿನಕ್ಕೆ ಎರಡು ಸಲ ಒಂದೊಂದು ಎಂ.ಎಲ್. ಅಂದರೆ 60 ಎಂ.ಎಲ್. ಬಾಟಲಿ ಒಂದು ತಿಂಗಳು. ಶುರುವಿನ ವಾರಗಳಲ್ಲಿ ಕೂದಲು ಇನ್ನೂ ಜಾಸ್ತಿ ಉದುರಬಹುದು, ಅಲ್ಲಿಗೇ ಹೆದರಿ ಬಿಡುವವರೇ ಬಹಳ. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತೆ. ಎರಡನೆಯದು ಫಿನಾಸ್ಟರೈಡ್ ಗುಳಿಗೆ, ಡಿಎಚ್‌ಟಿ ತಯಾರಾಗೋದನ್ನೇ ತಗ್ಗಿಸುತ್ತೆ. ಇದಕ್ಕೆ ವೈದ್ಯರ ಚೀಟಿ ಬೇಕೇ ಬೇಕು. ಕೆಲವರಿಗೆ ಕಾಮಾಸಕ್ತಿ ಕುಗ್ಗೋದು, ಮನಸ್ಸು ಮಂಕಾಗೋದು ಆಗುತ್ತೆ, ಆದರೆ ನಾಚಿಕೆಗೆ ವೈದ್ಯರ ಮುಂದೆ ಹೇಳೋದಿಲ್ಲ. ಹೇಳಬೇಕು. ಬಸುರಿ ಹೆಂಗಸರು ಪುಡಿಯಾದ ಈ ಗುಳಿಗೆ ಮುಟ್ಟಬಾರದು. ಇದನ್ನು ನುಂಗುತ್ತಿರುವವರು ನಿಲ್ಲಿಸಿ ಒಂದು ತಿಂಗಳಾಗುವ ತನಕ ರಕ್ತದಾನವನ್ನೂ ಮಾಡಬಾರದು.

ಬಯೋಟಿನ್ ಗುಳಿಗೆ ಬಹಳ ಮಾರಾಟವಾಗುತ್ತೆ. ಅದರ ಕೊರತೆ ಇದ್ದವರು ತೀರಾ ಕಡಿಮೆ. ಮೇಲಾಗಿ ಹೆಚ್ಚಿನ ಪ್ರಮಾಣದಲ್ಲಿ ತಗೊಂಡರೆ ಥೈರಾಯ್ಡ್, ಹೃದಯಾಘಾತದ ರಕ್ತ ಪರೀಕ್ಷೆಗಳೇ ತಪ್ಪು ತೋರಿಸಬಹುದು ಎಂದು ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ.

ಕೂದಲು ನಾಟಿ ಅಂದರೆ ಹಿಂದಲೆಯ ಗಟ್ಟಿ ಬೇರು ತೆಗೆದು ಮುಂದೆ ನೆಡೋದು. ಕೆಲಸ ಮಾಡುತ್ತೆ, ಆದರೆ 22ಕ್ಕೇ ಮಾಡಿಸಿದರೆ ಮುಂದಿನ ಹತ್ತು ವರ್ಷದಲ್ಲಿ ಹಳೆಯ ಕೂದಲು ಹಿಂದಕ್ಕೆ ಹೋಗಿ ನೆಟ್ಟ ಸಾಲು ನಡುಗಡ್ಡೆಯಂತೆ ಒಂಟಿಯಾಗಿ ನಿಲ್ಲುತ್ತೆ. ತರಬೇತಿ ಪಡೆದ ಅರ್ಹ ವೈದ್ಯರೇ ಇದನ್ನು ಮಾಡಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಸಲೂನಿನ ಹಿಂದಿನ ಕೋಣೆಯಲ್ಲಿ ಮಾಡಿಸೋ ಕೆಲಸ ಇದಲ್ಲ.

ಹತ್ತಿರದಲ್ಲಿ ತೋರಿಸಬೇಕಂದರೆ ಬಾಗಲಕೋಟೆ ನವನಗರದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ತಲೆಗೆ ಎಣ್ಣೆ ಹಚ್ಚಬೇಡಿ, ಬೋಳು ಕಾಣದಂತೆ ಕ್ರೀಮೂ ಬೇಡ. ಎರಡು ವರ್ಷ ಹಿಂದಿನ ಫೋಟೋ ಮೊಬೈಲಲ್ಲಿ ಇದ್ದರೆ ತೋರಿಸಿ, ಟೋಪಿ ಇಲ್ಲದ್ದು. ಕಳೆದ ಆರು ತಿಂಗಳಲ್ಲಿ ಬಂದ ಜ್ವರ, ನುಂಗಿದ ಗುಳಿಗೆ, ಹಚ್ಚಿದ ಎಣ್ಣೆ ಎಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಪ್ಪ, ಅಜ್ಜ, ಸೋದರಮಾವ ಮೂವರ ತಲೆಯ ಬಗ್ಗೆಯೂ ವೈದ್ಯರು ಕೇಳ್ತಾರೆ.