ನಿಮಗಿದು ಗೊತ್ತೇ? ಹುಟ್ಟಿಲ್ಲ, ರಾಣಿಯಿಲ್ಲ, ಆದರೂ ಜೇನು!

ಜೇನು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಮರಕ್ಕೆ ಜೋತುಬಿದ್ದ ಹುಟ್ಟು. ಆದರೆ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆಯ ಜೇನುಗಳಿವೆ. ಹೆಜ್ಜೇನು, ತುಡುವೆ, ಕೋಲುಜೇನುಗಳಂತೆ ಸಂಸಾರ ಕಟ್ಟಿಕೊಂಡು ತುಪ್ಪ ಕೂಡಿಡುವವು ಅವುಗಳಲ್ಲಿ ತೀರಾ ಕಡಿಮೆ. ಬಹುಪಾಲು ಒಂಟಿ ಜೇನುಗಳು. ರಾಣಿಯಿಲ್ಲ, ಆಳುಗಳಿಲ್ಲ. ಒಂದೇ ತಾಯಿ ತೂತು ಹುಡುಕುತ್ತಾಳೆ ಇಲ್ಲವೇ ತೋಡುತ್ತಾಳೆ, ಪರಾಗದ ಉಂಡೆ ಕಟ್ಟುತ್ತಾಳೆ, ಅದರ ಮೇಲೆ ಒಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚುತ್ತಾಳೆ. ಹೆಚ್ಚಿನ ಬಗೆಗಳಲ್ಲಿ ಮರಿ ಹೊರಬರುವ ಹೊತ್ತಿಗೆ ಅವಳು ಬದುಕಿರುವುದಿಲ್ಲ.

ಒಂಟಿ ಜೇನುಗಳಲ್ಲಿ ಹೆಚ್ಚಿನವು ನೆಲದೊಳಗೆ ಸುರಂಗ ತೋಡಿ ವಾಸಿಸುತ್ತವೆ ಎಂಬುದು ಗೊತ್ತೇ? ಬೀದರಿನವರಿಗೆ ಸುರಂಗ ಹೊಸದಲ್ಲ. ಬಹಮನಿ ಕಾಲದಲ್ಲಿ ನೌಬಾದಿನ ಕೆಂಪುಕಲ್ಲಿನ ಅಡಿಯಲ್ಲಿ ಕೊರೆದ ಕರೇಜ್ ಎಂಬ ನೀರಿನ ಸುರಂಗ ಇಂದಿಗೂ ಇದೆ. ಈ ಹುಳು ಅದೇ ಕೆಲಸವನ್ನು ಪೆನ್ಸಿಲ್ ಗಾತ್ರದ ತೂತಿನಲ್ಲಿ ಮಾಡುತ್ತದೆ. ಹುಲ್ಲಿಲ್ಲದ ಗಟ್ಟಿ ನೆಲದ ಮೇಲೆ, ನಡುವೆ ತೂತಿರುವ ಸಣ್ಣ ಮಣ್ಣಿನ ಗುಪ್ಪೆ ಕಂಡರೆ ಅದು ಇರುವೆಯದೇ ಎಂದುಕೊಳ್ಳಬೇಡಿ. ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿ, ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡ ತಾಯಿ ಒಳಗಿಳಿದರೂ ಇಳಿಯಬಹುದು.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿ ಆಡಿಸಿದಂತೆ ಗುಂಡನೆಯ ಗುರುತುಗಳನ್ನು ನೋಡಿದ್ದೀರಾ? ನಮ್ಮ ಅಂಗಳದ ಗಿಡದಲ್ಲಿ ಅವು ಕಂಡಾಗ ನಾನೂ ಮೊದಲು ರೋಗವೆಂದೇ ತಿಳಿದಿದ್ದೆ. ಒಂದು ದಿನ ಹತ್ತು ಗಂಟೆಯ ಬಿಸಿಲಿಗೆ ಗಿಡದ ಪಕ್ಕ ಕುಳಿತಾಗ ಕತ್ತರಿಸುವವಳು ಸಿಕ್ಕಿಬಿದ್ದಳು. ಎಲೆಯ ಅಂಚನ್ನು ಕಾಲುಗಳಿಂದ ಹಿಡಿದು, ದವಡೆಯನ್ನು ಅರ್ಧ ಸುತ್ತು ತಿರುಗಿಸಿದಳು. ನಾನು ಹತ್ತು ಎಣಿಸುವುದರೊಳಗೆ ಚೂರು ಬಿಡಿಸಿಕೊಂಡಿತು. ಅದನ್ನು ಹೊಟ್ಟೆಯಡಿ ಮಡಚಿಕೊಂಡು ಹಾರಿದವಳು ಗೋಡೆಯ ಮೊಳೆ ತೂತಿನೊಳಗೆ ಹೊಕ್ಕಳು. ಇದೇ ಎಲೆಕತ್ತರಿ ಜೇನು. ಉದ್ದನೆಯ ಚೂರುಗಳು ತೊಟ್ಟಿಲಿನ ಗೋಡೆಗೆ, ಗುಂಡನೆಯವು ಮುಚ್ಚಳಕ್ಕೆ. ಅವಳು ಎಲೆ ತಿನ್ನುವುದಿಲ್ಲ, ಗಿಡವೂ ಸಾಯುವುದಿಲ್ಲ.

ಈ ಎಲೆಕತ್ತರಿಗೂ ನಮ್ಮ ಊಟದ ಬೇಳೆಗೂ ನಂಟಿದೆ. ಬೀದರ್, ಭಾಲ್ಕಿ, ಔರಾದ್ ಸೀಮೆಯ ತೊಗರಿ ಹೂವಿನ ಎಸಳು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಅದನ್ನು ಒತ್ತಿ ತೆರೆಯಲು ಗಟ್ಟಿ ಮೈಯ ಹುಳುವೇ ಬೇಕು. ಎಲೆಕತ್ತರಿ ಕುಳಿತರೆ ಎಸಳು ಕೆಳಗಿಳಿದು ಪರಾಗ ನೇರ ಅದರ ಹೊಟ್ಟೆಗೆ ಅಂಟುತ್ತದೆ. ತೊಗರಿ ತನ್ನಷ್ಟಕ್ಕೆ ತಾನೂ ಕಾಯಿ ಕಟ್ಟಬಲ್ಲದು. ಆದರೆ ಹೈಬ್ರಿಡ್ ಬೀಜ ಬೇಕೆಂದರೆ ಜೇನಿಲ್ಲದೆ ಆಗದು, ಏಕೆಂದರೆ ಆ ಬೀಜದ ತಾಯಿಗಿಡದಲ್ಲಿ ಪರಾಗವೇ ಇರುವುದಿಲ್ಲ. ನಮ್ಮಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1991ರಲ್ಲಿ ಹೊರತಂದ ಐಸಿಪಿಎಚ್ 8, ಜಗತ್ತಿನ ಮೊದಲ ಹೈಬ್ರಿಡ್ ತೊಗರಿ. ಅದರ ಬೀಜದ ಹೊಲಗಳಲ್ಲಿ ಪರಾಗ ಹೊತ್ತು ತಿರುಗಿದ್ದು ಇಂಥ ಜೇನುಗಳೇ.

ಬದನೆ ಹೂವಿನ ಪರಾಗ ತುದಿಯಲ್ಲಿ ಸಣ್ಣ ಕಿಂಡಿಯಿರುವ ಡಬ್ಬಿಯೊಳಗೆ ಇರುತ್ತದೆ. ತುಡುವೆ ಜೇನಿಗೆ ಅದನ್ನು ಅಲುಗಿಸಿ ತೆಗೆಯುವ ವಿದ್ಯೆ ತಿಳಿಯದು. ನೀಲಿಪಟ್ಟೆ ಜೇನು ಮತ್ತು ಕಪ್ಪನೆಯ ಬಡಗಿ ದುಂಬಿ ಹೂವನ್ನು ತಬ್ಬಿ ಮೈ ನಡುಗಿಸುತ್ತವೆ. ಝುಂಯ್ ಎಂಬ ಸದ್ದಿಗೆ ಪರಾಗ ಉದುರುತ್ತದೆ. ಟೊಮೆಟೊಗೂ ಖಾಲಿ ಜಾಗದಲ್ಲಿ ಬೆಳೆಯುವ ತಂಗಡಿಗೂ ಇದೇ ಉಪಚಾರ.

ಗಂಡು ನೀಲಿಪಟ್ಟೆ ಜೇನಿಗೆ ಮನೆಯೇ ಇಲ್ಲ! ಸಂಜೆಯಾದರೆ ಒಣ ಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಹಾಗೇ ನೇತಾಡುತ್ತಾ ನಿದ್ದೆ ಹೋಗುತ್ತದೆ. ಒಂದೇ ಕಡ್ಡಿಯ ಮೇಲೆ ಹಲವು ಗಂಡುಗಳು ಸಾಲಾಗಿ ಮಲಗುವುದೂ ಉಂಟು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಚಂದದ ನೋಟ ನನಗೆ ಗೊತ್ತಿಲ್ಲ.

ಒಂಟಿ ಜೇನಿನ ಜಾತಿಯಲ್ಲೇ ದೊಡ್ಡದು ಇಂಡೊನೇಷ್ಯಾದ ವ್ಯಾಲೇಸ್ ಜೇನು. ಹೆಣ್ಣಿನ ಉದ್ದ ಸುಮಾರು 38 ಮಿಲಿಮೀಟರ್.

ಕಚ್ಚುತ್ತವೆಯೇ? ಎಲ್ಲ ತಾಯಂದಿರ ಮೊದಲ ಪ್ರಶ್ನೆ ಇದು. ಕಾಯಲು ತುಪ್ಪವಿಲ್ಲ, ಹುಟ್ಟೂ ಇಲ್ಲ. ಹಾಗಾಗಿ ಇವು ಮೈಮೇಲೆ ಬರುವುದಿಲ್ಲ. ಗಂಡಿಗೆ ಮುಳ್ಳೇ ಇಲ್ಲ. ಹೆಣ್ಣನ್ನು ಕೈಯಲ್ಲಿ ಹಿಸುಕಿದರೆ ಮಾತ್ರ ಚುಚ್ಚೀತು. ಹೆಜ್ಜೇನಿನ ಮಾತು ಬೇರೆ. ಹಳೆಯ ಕಮಾನಿಗೋ ಎತ್ತರದ ಕೊಂಬೆಗೋ ಕಟ್ಟಿದ ದೊಡ್ಡ ಹುಟ್ಟು ಕಂಡರೆ ಮಕ್ಕಳನ್ನು ಕರೆದುಕೊಂಡು ದೂರ ಸರಿಯಿರಿ, ಕಲ್ಲು ಎಸೆಯುವುದಾಗಲಿ ಹೊಗೆ ಹಾಕುವುದಾಗಲಿ ಖಂಡಿತ ಬೇಡ.

ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್ ದಾಟಿ ಹೋಗುವುದಿಲ್ಲ. ಗೂಡು, ಹೂವು, ಒಂದಿಷ್ಟು ಹಸಿ ಮಣ್ಣು ಎಲ್ಲವೂ ಅಷ್ಟರೊಳಗೇ ಸಿಗಬೇಕು. ಪುಟ್ಟ ಮಗು ಆಯಾಸವಿಲ್ಲದೆ ನಡೆಯುವ ದೂರವೂ ಅಷ್ಟೇ! ಹಲವು ದೇಶಗಳ ಉದ್ಯಾನಗಳಲ್ಲಿ ಮನೆಮಂದಿಯೆಲ್ಲ ಜೇನು ನೋಡುತ್ತಾ ಸುತ್ತುವ ಜೇನುಹಾದಿಗಳಿವೆ. ನಮ್ಮ ದೇಶದಲ್ಲಿ ಉತ್ತರಾಖಂಡದ ಹಲ್ದ್ವಾನಿಯಲ್ಲಿ 2020ರ ಡಿಸೆಂಬರ್‌ನಲ್ಲಿ ಅರಣ್ಯ ಇಲಾಖೆ ಸುಮಾರು 4 ಎಕರೆಯಲ್ಲಿ ಪರಾಗಸ್ಪರ್ಶಿ ಜೀವಿಗಳ ಉದ್ಯಾನ ತೆರೆಯಿತು. ಬೆಂಗಳೂರಿನ ಯಲಹಂಕದಲ್ಲಿ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಆವರಣದಲ್ಲೂ ಇಂಥದೊಂದು ತೋಟವಿದೆ.

ಬೀದರಿಗೆ ಇಂಥ ಜೇನುಹಾದಿ ದುಬಾರಿಯ ಕೆಲಸವಲ್ಲ. ದೇವದೇವ ವನವಿದೆ, ಬರೀದ್ ಶಾಹಿ ಉದ್ಯಾನವಿದೆ, ಚಿದ್ರಿಯಂಥ ಬಡಾವಣೆಗಳಲ್ಲಿ ವಾಕಿಂಗ್ ಹೋಗುವವರೂ ಇದ್ದಾರೆ. ಉದ್ಯಾನದ ನೆಲಕ್ಕೆಲ್ಲ ಸಿಮೆಂಟ್ ಇಟ್ಟಿಗೆ ಹಾಸದೆ, ಬಿಸಿಲು ಬೀಳುವ ಒಂದು ಮೂಲೆಯ ಕೆಂಪು ಮಣ್ಣನ್ನು ಹಾಗೇ ಬಿಡಲಿ. ತುಂಬೆ, ತಂಗಡಿ, ಎಕ್ಕೆಯನ್ನು ಕಳೆ ಎಂದು ಕೀಳದಿರಲಿ. ಒಣಗಿದ ಬಿದಿರನ್ನು ಗೇಣುದ್ದ ಕತ್ತರಿಸಿ, ಒಂದು ತುದಿಯಲ್ಲಿ ಗಿಣ್ಣು ಉಳಿಸಿ, ಕಟ್ಟಿನಂತೆ ಮಾಡಿ ಮಳೆ ತಾಗದ ಕಡೆ ಎದೆಮಟ್ಟಕ್ಕೆ ಅಲುಗಾಡದಂತೆ ಬಿಗಿದರೆ ಬಾಡಿಗೆ ಮನೆ ಸಿದ್ಧ. ತೂತಿನ ಅಗಲ 3ರಿಂದ 10 ಮಿಲಿಮೀಟರ್ ಇರಲಿ. ಎರಡು ವರ್ಷಕ್ಕೊಮ್ಮೆ ಹೊಸ ಬಿದಿರು ಕಟ್ಟದಿದ್ದರೆ ಬೂಸ್ಟೂ ನುಸಿಯೂ ಸೇರಿ ಮರಿಗಳನ್ನು ಕೊಲ್ಲುತ್ತವೆ. ಇದೊಂದನ್ನು ಮರೆಯುವುದಾದರೆ ಬಿದಿರು ಕಟ್ಟದಿರುವುದೇ ಮೇಲು.

ಹಾಗೆ ನೋಡಿದರೆ ಮನೆಮಂದಿಯ ನಿಸರ್ಗ ನಡಿಗೆ ನಮ್ಮ ಭಾಗಕ್ಕೆ ಎಳ್ಳಮಾಸಿಯ ರೂಪದಲ್ಲಿ ಯಾವತ್ತಿನಿಂದಲೋ ಇದೆ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಈ ಸಲ ಚರಗ ಚೆಲ್ಲಿ ಉಂಡ ಮೇಲೆ ಮಕ್ಕಳ ಕೈಹಿಡಿದು ಬದುವಿನ ಮೇಲೆ ಒಂದು ಸುತ್ತು ಬನ್ನಿ. ಗುಂಡಗೆ ಕತ್ತರಿಸಿದ ಎಲೆ, ಬದುವಿನ ಮಣ್ಣಲ್ಲಿ ಸಣ್ಣ ತೂತು, ಸಂಜೆಯವರೆಗೆ ಉಳಿದರೆ ಒಣ ಕಡ್ಡಿಯ ಮೇಲೆ ಮಲಗಿದ ಜೇನು, ಮೂರರಲ್ಲಿ ಒಂದಾದರೂ ಕಂಡೀತು. ಕಂಡರೆ ಆ ಬದುವನ್ನು ಹಾಗೇ ಬಿಡಿ. ಬೆಳೆಗೆ ಔಷಧಿ ಹೊಡೆಯಲೇಬೇಕಾದರೆ ಹೂವಿನ ಕಾಲದಲ್ಲಿ ಬೆಳಗ್ಗೆ ಬೇಡ, ಹೊತ್ತು ಮುಳುಗಿದ ಮೇಲೆ ಹೊಡೆಯಿರಿ.