ಕುಮ್ಸಾರ್ ಅಂದ್ರೆ ಡಿಲೀಟ್ ಬಟನ್ ಅಲ್ಲ

"ಅವ್ರದ್ದು ಸುಲಭ ಮಾರಾಯಾ. ವಾರವಿಡೀ ಏನು ಬೇಕಾದ್ರೂ ಮಾಡ್ಲಿ, ಚರ್ಚಿಗೆ ಹೋಗಿ ಪಾದ್ರಿ ಹತ್ರ ಹೇಳ್ಕೊಂಡ್ರೆ ಆಯ್ತು. ಎಲ್ಲಾ ಕ್ಲಿಯರ್!"

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬೆಳೆದವರಿಗೆ ಈ ಮಾತು ಹೊಸತಲ್ಲ. ಕಾಲೇಜು ಬಸ್ಸಿನಲ್ಲಿ, ಕ್ರಿಕೆಟ್ ಮುಗಿದ ಮೇಲೆ ಗದ್ದೆಬಯಲಲ್ಲಿ, ಎಲ್ಲೋ ಒಂದು ಕಡೆ ಕೇಳಿರ್ತೀರಿ. ಹೇಳುವವರಿಗೆ ಕೆಟ್ಟ ಉದ್ದೇಶ ಇರೋದಿಲ್ಲ. ಆದರೆ ಆ ಮಾತು ತಪ್ಪು. ಎಲ್ಲಿ ತಪ್ಪು ಅಂತ ನೋಡಿದರೆ, ಕ್ರೈಸ್ತರಲ್ಲದ ನಮಗೂ ಕೆಲಸಕ್ಕೆ ಬರುವ ಸಂಗತಿ ಅದರಲ್ಲಿದೆ.

ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಹೆಚ್ಚಿನವರು ಕೊಂಕಣಿ ಮಾತಾಡುವ ಕ್ಯಾಥೊಲಿಕರು. 1976ರಲ್ಲಿ ಶುರುವಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದವರು. ಪಾಪನಿವೇದನೆಗೆ ಅವರು ಹೇಳುವುದು 'ಕುಮ್ಸಾರ್'. ಪೋರ್ಚುಗೀಸ್ ಮಾತು ಕೊಂಕಣಿಯ ಬಾಯಲ್ಲಿ ಹಾಗಾಗಿದೆ. ದೇವರ ಕರುಣೆಗೆ ಮಾತ್ರ ಅವರದು ಮನೆಯದೇ ಪದ: 'ಕಾಕುಳ್ತ್'. ಕೇಳಿದ ಕೂಡಲೇ ನಮ್ಮ 'ಕಕ್ಕುಲಾತಿ' ನೆನಪಾಗುತ್ತೆ. ಕ್ಷಮೆ ಅಂದ್ರೆ ಕೋರ್ಟಿನ ಆರ್ಡರ್ ಥರ ಕೇಳುತ್ತೆ, ಕಾಕುಳ್ತ್ ಅಂದ್ರೆ ತಾಯಿಯ ಕೈ ಥರ. ಅದು ನನಗೆ ಇಷ್ಟ.

ಆ ಕೈ ಎಷ್ಟು ಧಾರಾಳ ಅಂತ ತಿಳಿಯಲು ಲೂಕನ ಶುಭಸಂದೇಶದ 15ನೇ ಅಧ್ಯಾಯ ಸಾಕು. ಅಪ್ಪ ಬದುಕಿರುವಾಗಲೇ ಪಾಲು ಕೇಳಿ ತಗೊಂಡು, ಎಲ್ಲಾ ಹಾಳು ಮಾಡಿ, ಹಂದಿ ಕಾಯುವ ಸ್ಥಿತಿಗೆ ಬಂದ ಮಗ ವಾಪಸ್ ಹೊರಡ್ತಾನೆ. ದಾರಿಯಲ್ಲಿ ಏನು ಹೇಳಬೇಕು ಅಂತ ರಿಹರ್ಸಲ್ ಬೇರೆ. ಕೊನೆಯಲ್ಲಿ 'ನನ್ನನ್ನು ಕೂಲಿಯಾಳಾಗಿ ಇಟ್ಕೊ' ಅನ್ನುವ ಸಾಲೂ ತಯಾರಿದೆ. ಅಪ್ಪ ದೂರದಿಂದಲೇ ನೋಡಿ ಓಡಿ ಬಂದು ತಬ್ಬಿಕೊಳ್ತಾನೆ. ಆ ಕೊನೆಯ ಸಾಲು ಹೇಳಲು ಮಗನಿಗೆ ಅವಕಾಶವೇ ಸಿಗೋದಿಲ್ಲ. ಮನೆಯಲ್ಲೇ ದುಡಿದ ದೊಡ್ಡ ಮಗನಿಗೆ ಇದನ್ನು ಕಂಡು ಮೈ ಉರಿಯುತ್ತೆ. ಬಸ್ಸಿನಲ್ಲಿ 'ಅವ್ರದ್ದು ಸುಲಭ' ಅಂದ ನಮ್ಮ ಗೆಳೆಯ ಈ ಅಣ್ಣನ ಪಕ್ಷ. ಕೊನೆಗೆ ಅಣ್ಣ ಒಳಗೆ ಬಂದನೋ ಇಲ್ಲವೋ ಅಂತ ಕಥೆ ಹೇಳೋದೇ ಇಲ್ಲ.

ಹಾಗಾದ್ರೆ ಕ್ಷಮೆ ಉಚಿತವೇ? ಕ್ರೈಸ್ತರ ನಂಬಿಕೆಯಲ್ಲಿ ಹೌದು. ಅದನ್ನು ಮಾರಾಟಕ್ಕಿಟ್ಟಾಗ ಏನಾಯ್ತು ಅನ್ನೋದು ಶಾಲೆಯ ಇತಿಹಾಸ ಪುಸ್ತಕದಲ್ಲೇ ಇದೆ: 1517, ಮಾರ್ಟಿನ್ ಲೂಥರ್, ಸಭೆ ಎರಡಾಗಿದ್ದು. ಆದರೆ ಉಚಿತ ಅಂದ್ರೆ ಲೆಕ್ಕ ಇಲ್ಲ ಅಂತಲ್ಲ.

ಕ್ಯಾಥೊಲಿಕರಿಗೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ 1215ರ ಮಹಾಸಭೆಯಿಂದ ಬಂದದ್ದು. ಮೊದಲು ತನ್ನನ್ನೇ ತಾನು ಪರೀಕ್ಷಿಸಿಕೊಳ್ಳಬೇಕು, ನಿಜಕ್ಕೂ ಬೇಸರವಾಗಿರಬೇಕು, ಮತ್ತೆ ಮಾಡೋದಿಲ್ಲ ಅನ್ನುವ ನಿರ್ಧಾರ ಇರಬೇಕು. ಆಮೇಲೆ ಗುರುಗಳ ಮುಂದೆ ಬಾಯಿಬಿಟ್ಟು ಹೇಳಬೇಕು. ಕೇಳಿದ್ದನ್ನು ಅವರು ಪೊಲೀಸರಿಗಾಗಲಿ ಬಿಷಪರಿಗಾಗಲಿ ಹೇಳುವ ಹಾಗಿಲ್ಲ. ಹೇಳಿದರೆ ಸಭೆಯಿಂದಲೇ ಹೊರಗೆ. ಕೊನೆಗೆ ಗುರುಗಳು ಒಂದು ಪ್ರಾಯಶ್ಚಿತ್ತ ಕೊಡ್ತಾರೆ.

ಇಲ್ಲಿಗೆ ಮುಗೀತು ಅಂತ ನಾವು ಅಂದ್ಕೊಳ್ತೀವಿ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ಮಾತ್ರ ಮುಂದಕ್ಕೆ ಹೋಗುತ್ತೆ. ಪಾಪ ಕ್ಷಮಿಸಲ್ಪಟ್ಟರೂ ಅದರಿಂದಾದ ಹಾನಿ ಹಾಗೇ ಉಳಿದಿರುತ್ತೆ, ಕೈಲಾದಷ್ಟು ಸರಿಪಡಿಸಬೇಕು. ಕದ್ದಿದ್ದರೆ ಹಿಂದಿರುಗಿಸಬೇಕು. ಒಬ್ಬರ ಹೆಸರು ಕೆಡಿಸಿದ್ದರೆ ಆ ಹೆಸರನ್ನು ಮತ್ತೆ ಕಟ್ಟಿಕೊಡಬೇಕು. ಲೂಕನಲ್ಲೇ ಬರುವ ಸುಂಕದವ ಜಕ್ಕಾಯ ಮಾಡಿದ್ದೂ ಇದನ್ನೇ. ಯೇಸು ಅವನ ಮನೆಯಲ್ಲಿ ಉಳ್ಕೊಳ್ತೀನಿ ಅಂದಾಗ ಯಾವ ಷರತ್ತೂ ಹಾಕಿರಲಿಲ್ಲ. ಜಕ್ಕಾಯನೇ ಎದ್ದು ನಿಂತು ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡಿದ್ದು ನಾಲ್ಕು ಪಟ್ಟು ವಾಪಸ್. ಕಾಕುಳ್ತ್ ಮೊದಲು ಬಂತು, ಲೆಕ್ಕ ಅದರ ಹಿಂದೆ.

ಹೆಸರು ಕೆಡಿಸುವ ವಿಷಯ ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಜಾಸ್ತಿ ತಾಗಬೇಕು. 2017ರ ಡಿಸೆಂಬರಿನಲ್ಲಿ ಹೊನ್ನಾವರ, ಕುಮಟಾ, ಶಿರಸಿಯಲ್ಲಿ ಗಲಭೆ ಎದ್ದಾಗ ಫೋನಿನಿಂದ ಫೋನಿಗೆ ಏನೇನು ಹಾರಾಡಿತು ಅಂತ ನೆನಪಿದೆಯಲ್ಲ? ಒಂದು ಸುಳ್ಳನ್ನು ನೂರು ಜನರ ಗ್ರೂಪಿಗೆ ಫಾರ್ವರ್ಡ್ ಮಾಡಿದವರು ದೇವರ ಹತ್ತಿರ ಒಳಗೊಳಗೇ ಸಾರಿ ಕೇಳಿರಬಹುದು. ಈ ಲೆಕ್ಕದಲ್ಲಿ ಅದು ಸಾಲದು. ಅದೇ ಗ್ರೂಪಿಗೆ ಹೋಗಿ 'ನಾನು ಹಾಕಿದ್ದು ಸುಳ್ಳು' ಅಂತ ಬರೀಬೇಕು. 'ಡಿಲೀಟ್ ಫಾರ್ ಎವರಿವನ್' ಒತ್ತಿದರೆ ನಮ್ಮ ಮೆಸೇಜ್ ಹೋಗುತ್ತೆ. ಅವರು ಆಗಲೇ ಮುಂದೆ ಕಳಿಸಿದ್ದು ಹೋಗೋದಿಲ್ಲ.

ಇದು ಚರ್ಚಿನ ಲೆಕ್ಕ ಮಾತ್ರ ಅಲ್ಲ. ಭಟ್ಕಳದ ಯಾವ ಮೌಲ್ವಿಗಳನ್ನು ಕೇಳಿದರೂ ಹೇಳ್ತಾರೆ, ತೌಬಾ ಮಾಡುವಾಗ ಇನ್ನೊಬ್ಬರ ಹಕ್ಕು ನಮ್ಮ ಮೇಲಿದ್ದರೆ ಮೊದಲು ಅದನ್ನು ತೀರಿಸಬೇಕು, ಇಲ್ಲವೇ ಅವರಿಂದಲೇ ಮಾಫಿ ಪಡೀಬೇಕು. ಅದೇ ಊರಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ. ಜೈನರು ವರ್ಷಕ್ಕೊಮ್ಮೆ ಕ್ಷಮಾವಾಣಿಯ ದಿನ ಒಬ್ಬರಿಗೊಬ್ಬರು ನೇರವಾಗಿ ಕ್ಷಮೆ ಕೇಳ್ತಾರೆ.

ಕ್ಷಮೆ ಅಂದ್ರೆ ಶಿಕ್ಷೆ ಮಾಫಿಯೂ ಅಲ್ಲ. 1981ರಲ್ಲಿ ತನಗೆ ಗುಂಡು ಹೊಡೆದ ಅಲಿ ಆಗ್ಚಾನನ್ನು ಎರಡನೇ ಜಾನ್ ಪಾಲ್ ಪೋಪ್ 1983ರಲ್ಲಿ ಜೈಲಿಗೇ ಹೋಗಿ ಕಂಡರು. ಅವನನ್ನು ಕ್ಷಮಿಸಿ ಆಗಲೇ ಎರಡು ವರ್ಷವಾಗಿತ್ತು. ಆದರೂ ಅವನು ಇಟಲಿಯ ಜೈಲಿನಲ್ಲಿ 2000ದವರೆಗೆ ಇದ್ದ.

ಅದೇ 2000ದ ಮಾರ್ಚ್ 12ರಂದು ಅದೇ ಪೋಪ್ ರೋಮಿನಲ್ಲಿ, ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಸತ್ಯದ ಹೆಸರಲ್ಲಿ ಬಲ ಪ್ರಯೋಗಿಸಿದ್ದೂ ಅದರಲ್ಲಿ ಸೇರಿತ್ತು. ಇಲ್ಲಿ ನಮ್ಮ ಕರಾವಳಿಯ ಲೆಕ್ಕ ಬರುತ್ತೆ.

1542ರ ಮೇ ತಿಂಗಳಲ್ಲಿ ಪೋರ್ಚುಗೀಸರ ಹೊಸ ಗವರ್ನರ್ ಮಾರ್ತಿಂ ಅಫೋನ್ಸೊ ದೆ ಸೋಜಾ ಗೋವಾಕ್ಕೆ ಬಂದಿಳಿದ. ಜೊತೆಯಲ್ಲಿ ಬಂದವರು ಫ್ರಾನ್ಸಿಸ್ ಕ್ಸೇವಿಯರ್. ಅದೇ ವರ್ಷ ಸೋಜಾ ಕಪ್ಪದ ಜಗಳ ತೆಗೆದು ಭಟ್ಕಳಕ್ಕೆ ಹಡಗು ತಂದು ಊರನ್ನು ಸೂರೆ ಮಾಡಿ ಸುಟ್ಟ. 1569ರಲ್ಲಿ ಹೊನ್ನಾವರದ ಕೋಟೆಯೂ ಅವರ ಪಾಲಾಯ್ತು. ಕರುಣೆಯ ಮಾತು ತಂದವರೂ ಬೆಂಕಿ ತಂದವರೂ ಒಟ್ಟಿಗೇ ಬಂದರು. ಇದಕ್ಕೆ ಇವತ್ತಿನ ಕ್ರೈಸ್ತರನ್ನು ಹೊಣೆ ಮಾಡುವುದು ಮೂರ್ಖತನ. ಆ ಸುಲಿಗೆಯಲ್ಲಿ ಅವರಿಗೇನೂ ಪಾಲು ಸಿಕ್ಕಿರಲಿಲ್ಲ.

ಕದ್ದ ವಸ್ತುವಿನ ಒಡೆಯ ಸತ್ತಿದ್ದರೆ ವಾರಸುದಾರರಿಗೆ ಕೊಡಬೇಕು, ಅವರೂ ಸಿಗದಿದ್ದರೆ ಬಡವರಿಗೆ. ಇದು ಕ್ಯಾಥೊಲಿಕರ ಹಳೆಯ ನಿಯಮ. 1542ರ ಭಟ್ಕಳದ ವಾರಸುದಾರರು ಯಾರು? ನವಾಯತರೇ, ಜೈನರೇ, ನಾಮಧಾರಿಗಳೇ, ಮೀನುಗಾರರೇ? ಲಿಸ್ಬನ್ನಿನಿಂದ ಯಾರೂ ಪಟ್ಟಿ ಹಿಡಿದು ಬರೋದಿಲ್ಲ.

ಕುಮಟಾ-ಹೊನ್ನಾವರದ ನಡುವಿನ ಚಂದಾವರದಲ್ಲಿ ಪ್ರತಿ ವರ್ಷ ಡಿಸೆಂಬರ್ 3ರಂದು ಪೇಸ್ತು ನಡೆಯುತ್ತೆ. ಅದು ಸೋಜಾನ ಜೊತೆ ಬಂದಿಳಿದ ಅದೇ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ. ಸುತ್ತಮುತ್ತಲಿನ ಹಿಂದೂಗಳೂ ಹರಕೆ ಹೊತ್ತು ಹೋಗ್ತಾರೆ. ಸೋಜಾನ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ.